ಒಂದೇ ತೂತಿನ ಲ್ಯಾಪ್‌ಟಾಪಿಗೆ ಹಳೆಯ ಕಾಲರ್ ಮೈಕ್ ಹೊಂದುವುದಿಲ್ಲವೇ?

ಪ್ರಶ್ನೆ: ನಾನು ಮೈಸೂರಿನಲ್ಲಿ ಕರ್ನಾಟಕ ಸಂಗೀತ ಪಾಠ ಹೇಳುತ್ತೇನೆ. ಶಿಷ್ಯರಲ್ಲಿ ಹಲವರು ಅಮೆರಿಕ, ದುಬೈ ಕಡೆ ಇದ್ದಾರೆ, ಅವರಿಗೆ ಜೂಮ್‌ನಲ್ಲಿ ಪಾಠ. ಹಳೆಯ ಕಂಪ್ಯೂಟರಿನ ಗುಲಾಬಿ ತೂತಿಗೆ ಹಾಕುತ್ತಿದ್ದ ಕಾಲರ್ ಮೈಕನ್ನೇ ಈಗ ಹೊಸ ಲ್ಯಾಪ್‌ಟಾಪಿಗೆ ಹಾಕಿದೆ. ಇದರಲ್ಲಿ ಇರುವುದು ಒಂದೇ ತೂತು, ಪಕ್ಕದಲ್ಲಿ ಹೆಡ್‌ಸೆಟ್ ಚಿತ್ರವಿದೆ. ಮೈಕ್ ಸಿಕ್ಕಿಸಿದ ತಕ್ಷಣ ಸ್ಪೀಕರ್ ಬಂದ್ ಆಗುತ್ತದೆ, ಪರದೆಯ ಮೇಲೆ ‘ಹೆಡ್‌ಫೋನ್’ ಎಂದು ಬರುತ್ತದೆ. ನನ್ನ ದನಿ ಮಾತ್ರ ಎಲ್ಲೋ ದೂರದಿಂದ ಬಂದ ಹಾಗಿದೆ ಎನ್ನುತ್ತಾರೆ ಶಿಷ್ಯರು. ರಿಪೇರಿ ಅಂಗಡಿಯವರು ಇದು ಡ್ರೈವರ್ ಸಮಸ್ಯೆ, ವಿಂಡೋಸ್ ಹೊಸದಾಗಿ ಹಾಕಬೇಕು ಎಂದರು. ಒಂದು ಸ್ಪ್ಲಿಟರ್ ತಂದು ನೋಡಿದೆ, ಅದೂ ಕೆಲಸಕ್ಕೆ ಬರಲಿಲ್ಲ. ಮೈಕೇ ಕೆಟ್ಟಿದೆಯೇ? ಇನ್ನೊಂದು, ನಾನು ಹಾಕುವ ತಂಬೂರಿ ಶ್ರುತಿ ಆ ಕಡೆ ಕೇಳಿಸುವುದೇ ಇಲ್ಲವಂತೆ. ಏನು ಮಾಡಲಿ?

ಉತ್ತರ: ಮೊದಲಿಗೆ, ವಿಂಡೋಸ್ ತೆಗೆಸಿ ಹಾಕಿಸುವ ಗೋಜಿಗೆ ಹೋಗಬೇಡಿ. ಸ್ಪೀಕರ್ ಬಂದ್ ಆಗುವುದು, ‘ಹೆಡ್‌ಫೋನ್’ ಎಂದು ತೋರಿಸುವುದು, ದನಿ ದೂರದಿಂದ ಬಂದಂತಾಗುವುದು ಈ ಮೂರೂ ಒಟ್ಟಿಗೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಡ್ರೈವರನ್ನಲ್ಲ (ಅಂದರೆ ಆಡಿಯೊ ಚಿಪ್ಪನ್ನು ವಿಂಡೋಸಿಗೆ ಜೋಡಿಸುವ ತಂತ್ರಾಂಶವನ್ನಲ್ಲ), ಪಿನ್ನನ್ನು. ಮೈಕೂ ಸರಿಯಿರಬಹುದು, ಲ್ಯಾಪ್‌ಟಾಪೂ ಸರಿಯಿರಬಹುದು, ಒಂದಕ್ಕೊಂದು ಹೊಂದುತ್ತಿಲ್ಲ ಅಷ್ಟೆ. ದನಿ ದೂರದಿಂದ ಬರುತ್ತಿದೆ ಎಂದರೆ ಅದು ಹೋಗುತ್ತಿರುವುದು ನಿಮ್ಮ ಕೊರಳಪಟ್ಟಿಯ ಮೈಕಿನಿಂದಲ್ಲ, ಸಾಮಾನ್ಯವಾಗಿ ಪರದೆಯ ಮೇಲಂಚಿನಲ್ಲಿ ಕ್ಯಾಮೆರಾದ ಪಕ್ಕ ಇರುವ ಒಳಗಿನ ಮೈಕಿನಿಂದ.

ಮೈಕಿನ ಪಿನ್ನನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಹೊಳೆಯುವ ಲೋಹದ ಮೇಲೆ ಸುತ್ತಲೂ ತೆಳ್ಳಗಿನ ಕರಿ ಗೆರೆಗಳು ಕಾಣುತ್ತವೆ (ಕೆಲವದರಲ್ಲಿ ಬಿಳಿ ಅಥವಾ ಬೂದು ಬಣ್ಣ). ಅವು ಎಷ್ಟಿವೆ ಎಂದು ಎಣಿಸಿ. ಗೆರೆ ಎಂದರೆ ಪ್ಲಾಸ್ಟಿಕ್ ತಡೆ. ಅದು ಲೋಹವನ್ನು ತುಂಡು ತುಂಡಾಗಿ ಬೇರ್ಪಡಿಸುತ್ತದೆ. ಎರಡು ಗೆರೆ ಇದ್ದರೆ ಮೂರು ತುಂಡು, ಇದಕ್ಕೆ ಟಿಆರ್‌ಎಸ್ ಎನ್ನುತ್ತಾರೆ. ಮೂರು ಗೆರೆ ಇದ್ದರೆ ನಾಲ್ಕು ತುಂಡು, ಅದು ಟಿಆರ್‌ಆರ್‌ಎಸ್. ಗುಲಾಬಿ ತೂತಿಗೆ ಹೋಗುತ್ತಿದ್ದ ಮೈಕ್ ಎಂದಿರಿ, ಹಾಗಾಗಿ ನಿಮ್ಮದರಲ್ಲಿ ಎರಡೇ ಗೆರೆ ಇರುತ್ತದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಲ್ಲೆ. ಲ್ಯಾಪ್‌ಟಾಪಿನ ತೂತು ಬಯಸುವುದು ಮೂರು ಗೆರೆಯದನ್ನು. ಎರಡರ ದಪ್ಪವೂ 3.5 ಮಿಲಿಮೀಟರೇ ಆದ್ದರಿಂದ ಯಾವುದನ್ನು ಹಾಕಿದರೂ ಸಲೀಸಾಗಿ ಒಳಗೆ ಹೋಗುತ್ತದೆ, ‘ಟಕ್’ ಎಂದು ಕೂರುತ್ತದೆ. ಮೋಸವಾಗುವುದು ಅಲ್ಲೇ.

ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇದು ಗೊತ್ತಾದರೆ ಮುಂದಿನದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಈಗಿನ ಫೋನು, ಲ್ಯಾಪ್‌ಟಾಪುಗಳ ಕ್ರಮದಲ್ಲಿ ಪಿನ್ನಿನ ತುದಿ ಎಡಗಿವಿಗೆ, ಅದರ ಹಿಂದಿನ ಉಂಗುರ ಬಲಗಿವಿಗೆ, ಮೂರನೆಯದು ಗ್ರೌಂಡ್ (ಎಲ್ಲಕ್ಕೂ ಸೇರಿದ ವಾಪಸ್ ದಾರಿ), ಬುಡದಲ್ಲಿರುವ ನಾಲ್ಕನೆಯದು ಮೈಕ್. ಈ ಜೋಡಣೆಗೆ ಸಿಟಿಐಎ ಎಂದು ಹೆಸರು. ನಿಮ್ಮ ಹಳೆಯ ಮೈಕಿನಲ್ಲಾದರೋ ದನಿ ಬರುವುದು ತುದಿಯಲ್ಲಿ, ಬುಡವೆಲ್ಲ ಗ್ರೌಂಡ್. ಅಂದರೆ ಲ್ಯಾಪ್‌ಟಾಪು ಹಾಡನ್ನು ಹೊರಗೆ ಕಳಿಸುವ ಜಾಗದಲ್ಲಿ ನಿಮ್ಮ ಮೈಕು ದನಿಯನ್ನು ಒಳಗೆ ತಳ್ಳಲು ನೋಡುತ್ತಿದೆ. ಸಾಲದ್ದಕ್ಕೆ ಅದರ ಉದ್ದನೆಯ ಬುಡ ತೂತಿನೊಳಗಿನ ಗ್ರೌಂಡ್ ಮತ್ತು ಮೈಕ್ ಎರಡೂ ಸಂಪರ್ಕಗಳನ್ನು ಒಟ್ಟಿಗೆ ಮುಟ್ಟಿ ಶಾರ್ಟ್ ಮಾಡುತ್ತದೆ.

ಪಿನ್ ಹಾಕಿದ ಕ್ಷಣ ಲ್ಯಾಪ್‌ಟಾಪಿನ ಆಡಿಯೊ ಚಿಪ್ ಆ ಎರಡು ಸಂಪರ್ಕಗಳ ನಡುವೆ ಸಣ್ಣ ವೋಲ್ಟೇಜ್ ಕೊಟ್ಟು ಪರೀಕ್ಷಿಸುತ್ತದೆ. ಹೆಡ್‌ಸೆಟ್ಟಿನ ಮೈಕ್ ಇದ್ದರೆ ಸುಮಾರು ಸಾವಿರ ಓಮ್ ಅಥವಾ ಹೆಚ್ಚು ವಿದ್ಯುತ್ ತಡೆ (ರೆಸಿಸ್ಟೆನ್ಸ್) ಕಾಣಬೇಕು. ನಿಮ್ಮ ಮೈಕ್ ಹಾಕಿದಾಗ ಕಾಣುವುದು ಸೊನ್ನೆ. ಸೊನ್ನೆ ಎಂದರೆ ಚಿಪ್ಪಿನ ಲೆಕ್ಕದಲ್ಲಿ ಮೈಕ್ ಇಲ್ಲ, ಬರೀ ಹೆಡ್‌ಫೋನು. ಆದ್ದರಿಂದ ಸ್ಪೀಕರ್ ನಿಲ್ಲಿಸಿತು, ‘ಹೆಡ್‌ಫೋನ್’ ಎಂದು ತೋರಿಸಿತು, ಮೈಕಿನ ಕೆಲಸವನ್ನು ಒಳಗಿನ ಮೈಕಿಗೇ ಬಿಟ್ಟಿತು. ಅದರ ಮಟ್ಟಿಗೆ ಅದು ಮಾಡಿದ್ದೆಲ್ಲ ಸರಿಯೇ. ಅಂದಹಾಗೆ ಆಂಡ್ರಾಯ್ಡ್ ಫೋನಿನ ಇಯರ್‌ಫೋನಿನಲ್ಲಿ ಹಾಡು ನಿಲ್ಲಿಸಲು ಒತ್ತುವ ಗುಂಡಿ ಮಾಡುವುದೂ ಇದನ್ನೇ: ಮೈಕನ್ನು ಗ್ರೌಂಡಿಗೆ ಶಾರ್ಟ್ ಮಾಡುತ್ತದೆ. ಕೆಲವು ಫೋನುಗಳಿಗೆ ಹಳೆಯ ಮೈಕ್ ಹಾಕಿದರೆ ಹಾಡು ತಾನಾಗಿ ನಿಲ್ಲುವುದೂ, ಹೊರಡುವುದೂ ಇದೇ ಕಾರಣಕ್ಕೆ.

ಹಳೆಯ ಡೆಸ್ಕ್‌ಟಾಪುಗಳಲ್ಲಿ ಈ ರಗಳೆ ಇರಲಿಲ್ಲ. 1990ರ ದಶಕದ ಕೊನೆಯಲ್ಲಿ ಮೈಕ್ರೊಸಾಫ್ಟ್ ಮತ್ತು ಇಂಟೆಲ್ ಸೇರಿ ಹೊರತಂದ ಪಿಸಿ 99 ಎಂಬ ಮಾರ್ಗದರ್ಶಿಯಲ್ಲಿ ಮೈಕಿಗೆ ಗುಲಾಬಿ, ಸ್ಪೀಕರಿಗೆ ತಿಳಿ ಹಸಿರು ಎಂದು ಬಣ್ಣ ಹಂಚಿಬಿಟ್ಟಿದ್ದರು. ಓದು ಬಾರದ ಮಕ್ಕಳೂ ಸರಿಯಾಗಿ ಸಿಕ್ಕಿಸುತ್ತಿದ್ದರು. ಲ್ಯಾಪ್‌ಟಾಪ್ ತೆಳ್ಳಗಾಗುತ್ತ ಬಂದು, ಫೋನಿನ ಹೆಡ್‌ಸೆಟ್ಟೇ ಎಲ್ಲರ ಕೈಯಲ್ಲಿ ಇದೆಯಲ್ಲ ಎಂಬ ಲೆಕ್ಕದಲ್ಲಿ ಎರಡು ತೂತು ಒಂದಾದವು. ಬಣ್ಣವೂ ಹೋಯಿತು.

ಈಗ ಪರೀಕ್ಷೆಗೆ ಬನ್ನಿ. ಮನೆಯಲ್ಲಿ ಯಾರದಾದರೂ ಹಳೆಯ ಫೋನಿನ ತಂತಿಯ ಇಯರ್‌ಫೋನ್, ಮಾತಾಡುವ ಮೈಕ್ ಇರುವಂಥದ್ದು, ಸಿಕ್ಕೇ ಸಿಗುತ್ತದೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಲ್ಲಿ ಸಿಸ್ಟಮ್, ಅದರೊಳಗೆ ಸೌಂಡ್ ತೆರೆದು ಇನ್‌ಪುಟ್ ಎಂಬ ಭಾಗಕ್ಕೆ ಇಳಿಯಿರಿ. ಅಲ್ಲಿ ಒಂದು ಉದ್ದನೆಯ ಪಟ್ಟಿ ನಿಮ್ಮ ದನಿಗೆ ತಕ್ಕಂತೆ ಏರಿಳಿಯುತ್ತದೆ. ಮಾತಾಡಿ ಪರೀಕ್ಷಿಸಬೇಡಿ, ಮಾತು ಒಳಗಿನ ಮೈಕಿಗೂ ಕೇಳುತ್ತದೆ, ಗೊಂದಲವಾಗುತ್ತದೆ. ಬದಲಿಗೆ ಇಯರ್‌ಫೋನಿನ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಪಟ್ಟಿ ಜಿಗಿದರೆ ದನಿ ಅಲ್ಲಿಂದಲೇ ಬರುತ್ತಿದೆ. ಜಿಗಿಯದಿದ್ದರೆ ಪರದೆಯ ಮೇಲಂಚನ್ನು ಕೆರೆದು ನೋಡಿ, ಆಗ ಜಿಗಿದರೆ ಕೇಳುತ್ತಿರುವುದು ಒಳಗಿನ ಮೈಕು. ಜೂಮ್ ಪಾಠದ ನಡುವೆಯೂ ಈ ಉಗುರಿನ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಯಾವ ಮೈಕ್ ಕೆರೆದಾಗ ಸದ್ದು ಕೇಳಿತು ಎಂದು ಶಿಷ್ಯರನ್ನೇ ಕೇಳಿದರಾಯಿತು.

ಇಯರ್‌ಫೋನಿನ ಮೈಕ್ ಕೆಲಸ ಮಾಡಿತೆಂದರೆ ಲ್ಯಾಪ್‌ಟಾಪಿನ ತೂತು, ಚಿಪ್, ಡ್ರೈವರ್ ಎಲ್ಲವೂ ನೆಟ್ಟಗಿವೆ. ಅಲ್ಲಿಗೆ ರಿಪೇರಿ ಅಂಗಡಿಯ ಮಾತು ಮುಗಿಯಿತು, ಉಳಿದದ್ದು ಎರಡು ಗೆರೆಯ ಪಿನ್ನನ್ನು ಈ ತೂತಿಗೆ ಹೊಂದಿಸುವ ಕನ್ವರ್ಟರಿನ ವಿಷಯ. ಕೆಲಸ ಮಾಡದಿದ್ದರೆ ಆಗ ಲ್ಯಾಪ್‌ಟಾಪಿನ ಕಡೆ ನೋಡಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ಕನ್ವರ್ಟರಿಗೆ ದುಡ್ಡು ಹಾಕುವ ಮೊದಲು ಇನ್ನೊಂದನ್ನು ಗಮನಿಸಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಪಿನ್ ಸಿಕ್ಕಿಸಿದಾಗ ‘ಈಗ ಯಾವ ಸಾಧನ ಹಾಕಿದಿರಿ?’ ಎಂದು ಕೇಳುವ ಚಿಕ್ಕ ಕಿಟಕಿ ಮೂಲೆಯಲ್ಲಿ ತೆರೆದುಕೊಳ್ಳುತ್ತದೆ. ಹೆಡ್‌ಫೋನ್, ಹೆಡ್‌ಸೆಟ್, ಮೈಕ್ ಎಂಬ ಆಯ್ಕೆಗಳಿರುತ್ತವೆ. ನಾವು ಅದನ್ನು ಓದದೆ ಮುಚ್ಚಿಬಿಡುತ್ತೇವೆ. ಅದರಲ್ಲಿ ಮೈಕ್ ಎಂಬ ಆಯ್ಕೆ ಇದ್ದರೆ ಚಿಪ್ ಆ ತೂತಿನ ತುದಿಯ ಸಂಪರ್ಕವನ್ನೇ ಒಳಬರುವ ದಾರಿಯಾಗಿ ಬದಲಿಸಿಕೊಳ್ಳಬಲ್ಲದು, ನಿಮ್ಮ ಹಳೆಯ ಮೈಕ್ ಯಾವ ಕನ್ವರ್ಟರೂ ಇಲ್ಲದೆ ನಡೆಯುತ್ತದೆ. ಕಿಟಕಿ ಬರುತ್ತಿಲ್ಲವೆಂದರೆ ರಿಯಲ್‌ಟೆಕ್ ಆಡಿಯೊ ಕನ್ಸೋಲ್ ಎಂಬ ಆ್ಯಪ್ ಇದೆಯೇ ಹುಡುಕಿ, ಆ ಪ್ರಶ್ನೆಯನ್ನು ಚಾಲೂ ಮಾಡುವ ಗುಂಡಿ ಅದರಲ್ಲಿರುತ್ತದೆ. ಉಬುಂಟು ಬಳಸುವವರಿಗೂ ಇಂಥದ್ದೇ ಮೂರು ಚಿತ್ರಗಳ ಕಿಟಕಿ ಬರುತ್ತದೆ. ಎಲ್ಲ ಲ್ಯಾಪ್‌ಟಾಪಿನಲ್ಲೂ ಈ ಸೌಲಭ್ಯ ಇಲ್ಲ, ಆದರೆ ಇದ್ದರೆ ಪುಕ್ಕಟೆ. ವಿಂಡೋಸ್ ಹೊಸದಾಗಿ ಹಾಕಿಸುವುದು ಬೇಡ ಎಂದದ್ದಕ್ಕೆ ಇದೂ ಒಂದು ಕಾರಣ. ಹೊಸದಾಗಿ ಹಾಕಿದಾಗ ಕೆಲವೊಮ್ಮೆ ತಯಾರಕರ ಡ್ರೈವರ್ ಬದಲು ಮೈಕ್ರೊಸಾಫ್ಟಿನ ಸಾಮಾನ್ಯ ಡ್ರೈವರ್ ಬಂದು ಕೂರುತ್ತದೆ, ಆ ಕಿಟಕಿ ಮಾಯವಾಗುತ್ತದೆ.

ನೀವು ತಂದ ಸ್ಪ್ಲಿಟರ್ ಏಕೆ ಕೆಲಸ ಮಾಡಲಿಲ್ಲ? ನನ್ನ ಊಹೆ, ಅದು ಹಾಡು ಹಂಚಿಕೊಂಡು ಕೇಳುವ ಸ್ಪ್ಲಿಟರ್. ಅಂಗಡಿಯಲ್ಲಿ ‘ಆಡಿಯೊ ಸ್ಪ್ಲಿಟರ್ ಕೊಡಿ’ ಎಂದರೆ ಕೈಗಿಡುವುದು ಹೆಚ್ಚಾಗಿ ಅದನ್ನೇ: ಒಂದು ಪಿನ್, ಎರಡು ತೂತು, ಎರಡೂ ಹೆಡ್‌ಫೋನಿಗೆ. ಅದರ ಪಿನ್ನಿನಲ್ಲಿ ಎರಡೇ ಗೆರೆ ಇರುತ್ತದೆ, ಮೈಕಿಗೆ ದಾರಿಯೇ ಇಲ್ಲ. ಮತ್ತೊಂದು ಬಗೆಯದು ಉಲ್ಟಾ, ಒಂದು ತೂತು, ಎರಡು ಪಿನ್. ಅದು ಫೋನಿನ ಹೆಡ್‌ಸೆಟ್ಟನ್ನು ಹಳೆಯ ಡೆಸ್ಕ್‌ಟಾಪಿಗೆ ಹಾಕಲು. ನಿಮಗೆ ಬೇಕಾದದ್ದು ಮೂರನೆಯದು: ಲ್ಯಾಪ್‌ಟಾಪಿಗೆ ಹೋಗುವ ಪಿನ್ನಿನಲ್ಲಿ ಮೂರು ಗೆರೆ, ಆ ಕಡೆ ಎರಡು ತೂತು, ಒಂದರ ಮೇಲೆ ಹೆಡ್‌ಫೋನ್ ಚಿತ್ರ, ಇನ್ನೊಂದರ ಮೇಲೆ ಮೈಕ್ ಚಿತ್ರ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರಿದ್ದರೆ ಅವರ ಕೈಲಿ ಹೇಳಿ ತರಿಸಿ, ಇಲ್ಲವೇ ನಿಮ್ಮೂರಿನ ಮೊಬೈಲ್ ಅಂಗಡಿಯಲ್ಲೇ ವಿಚಾರಿಸಿ. ಹೆಸರು ಹೇಳುವುದಕ್ಕಿಂತ ಗೆರೆ ಎಣಿಸಿ, ಚಿತ್ರ ನೋಡಿ ತರುವುದು ಮೇಲು. ಒಂದೇ ತೂತಿನ, ಮೈಕಿಗೆ ಮಾತ್ರವಾದ ಚಿಕ್ಕ ಕನ್ವರ್ಟರೂ ಸಿಗುತ್ತದೆ. ನಿಮಗೆ ಅದು ಬೇಡ. ಅದನ್ನು ಹಾಕಿದರೆ ಲ್ಯಾಪ್‌ಟಾಪು ಪೂರಾ ಹೆಡ್‌ಸೆಟ್ ಬಂದಿದೆ ಎಂದುಕೊಂಡು ಸ್ಪೀಕರ್ ನಿಲ್ಲಿಸುತ್ತದೆ, ಶಿಷ್ಯರು ಹಾಡಿದ್ದು ನಿಮಗೆ ಕೇಳುವುದಿಲ್ಲ. ಎರಡು ತೂತಿನದಾದರೆ ಪಕ್ಕದಲ್ಲಿ ಹೆಡ್‌ಫೋನೂ ಹಾಕಬಹುದು.

ಹಾಕುವ ಕ್ರಮವೂ ಮುಖ್ಯ. ಮೊದಲು ಮೈಕನ್ನೂ ಹೆಡ್‌ಫೋನನ್ನೂ ಸ್ಪ್ಲಿಟರಿಗೆ ಸಿಕ್ಕಿಸಿ, ಮೈಕಿಗೆ ಸ್ವಿಚ್ ಇದ್ದರೆ ಆನ್ ಮಾಡಿ, ಆಮೇಲೆ ಸ್ಪ್ಲಿಟರನ್ನು ಲ್ಯಾಪ್‌ಟಾಪಿಗೆ ಹಾಕಿ. ಹಲವು ಲ್ಯಾಪ್‌ಟಾಪುಗಳು ಪಿನ್ ಒಳಹೋದ ಗಳಿಗೆಯಲ್ಲಿ ಮಾತ್ರ ಪರೀಕ್ಷೆ ಮಾಡುತ್ತವೆ. ಬರಿದಾದ ಸ್ಪ್ಲಿಟರ್ ಹಾಕಿ ಆಮೇಲೆ ಮೈಕ್ ಜೋಡಿಸಿದರೆ ಆ ಹೊತ್ತಿಗೆ ತೀರ್ಪು ಬರೆದಾಗಿರುತ್ತದೆ. ‘ಸ್ಪ್ಲಿಟರ್ ಸರಿ ಇಲ್ಲ’ ಎಂದು ಅಂಗಡಿಗೆ ಹಿಂತಿರುಗುವ ಮಾಲಿನಲ್ಲಿ ಒಂದಷ್ಟು ಇದೊಂದೇ ಕಾರಣಕ್ಕೆ ಹಿಂತಿರುಗುತ್ತದೆ ಎಂದು ನನ್ನ ಅನುಮಾನ.

ನಿಮ್ಮ ಕಾಲರ್ ಮೈಕಿನಲ್ಲಿ ಬಟನ್ ಸೆಲ್ ಹಾಕುವ ಡಬ್ಬಿ ಮತ್ತು ಸ್ವಿಚ್ ಇದ್ದರೆ ಒಂದು ಮಾತು. ಬೋಯಾ ಬಿವೈ-ಎಂ1 ಥರದ, ಆರು ಮೀಟರ್ ತಂತಿಯ ಮೈಕುಗಳು ನಮ್ಮಲ್ಲಿ ಬಹಳ ಜನರ ಹತ್ತಿರ ಇವೆ. ಅದರ ಪಿನ್ನಿನಲ್ಲಿ ಮೂರು ಗೆರೆ, ಡಬ್ಬಿಯ ಮೇಲೆ ‘ಸ್ಮಾರ್ಟ್‌ಫೋನ್’, ‘ಕ್ಯಾಮೆರಾ’ ಎಂಬ ಎರಡು ಸ್ಥಾನ. ಒಂದೇ ತೂತಿನ ಲ್ಯಾಪ್‌ಟಾಪಿಗೆ ಅದನ್ನು ನೇರವಾಗಿ, ಸ್ಮಾರ್ಟ್‌ಫೋನ್ ಕಡೆಗಿಟ್ಟು ಹಾಕಬೇಕು, ಸ್ಪ್ಲಿಟರ್ ಮೂಲಕ ಅಲ್ಲ. ಕ್ಯಾಮೆರಾ ಕಡೆಗಿದ್ದರೆ ಎಲ್‌ಆರ್44 ಸೆಲ್ ಬೇಕು, ದನಿಯೂ ಬೇರೆ ದಾರಿ ಹಿಡಿಯುತ್ತದೆ. ಸೆಲ್ ಇಲ್ಲದ ಕಾಲರ್ ಮೈಕುಗಳು ಲ್ಯಾಪ್‌ಟಾಪೇ ಕೊಡುವ ಎರಡು ಮೂರು ವೋಲ್ಟಿನಿಂದ ನಡೆಯುತ್ತವೆ.

ಕಛೇರಿಯಲ್ಲಿ ಬಳಸುವ, ಕೈಯಲ್ಲಿ ಹಿಡಿಯುವ ದಪ್ಪ ಪಿನ್ನಿನ ಮೈಕನ್ನು ಕನ್ವರ್ಟರ್ ಹಾಕಿ ಇದೇ ತೂತಿಗೆ ತುರುಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಆ 6.35 ಮಿಲಿಮೀಟರ್ ಪಿನ್ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ, ಆಪರೇಟರುಗಳು ಕರೆ ಜೋಡಿಸಲು ಬಳಸುತ್ತಿದ್ದದ್ದು. ಅಂಥ ಡೈನಮಿಕ್ ಮೈಕುಗಳ ದನಿ ತೀರಾ ಕ್ಷೀಣ, ತಡೆಯೂ ಕೆಲವು ನೂರು ಓಮ್ ಅಷ್ಟೆ. ಲ್ಯಾಪ್‌ಟಾಪು ಅದನ್ನು ಮೈಕ್ ಎಂದು ಒಪ್ಪುವುದೇ ಕಷ್ಟ, ಒಪ್ಪಿದರೂ ಹಾಡಿಗಿಂತ ‘ಸ್’ ಎಂಬ ಸದ್ದೇ ಹೆಚ್ಚು. ಅದಕ್ಕೆ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಬೇಕು, ಅಂದರೆ ಮೈಕಿನ ದನಿಯನ್ನು ಹಿಗ್ಗಿಸಿ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಕೊಡುವ ಪೆಟ್ಟಿಗೆ.

ಇನ್ನು, ಇಯರ್‌ಫೋನಿನ ಮೈಕೂ ಕೆಲಸ ಮಾಡದಿದ್ದರೆ ಏನು? ಟಾರ್ಚ್ ಹಾಕಿ ತೂತಿನೊಳಗೆ ನೋಡಿ. ಧೂಳು, ಬಟ್ಟೆಯ ಎಳೆ ತುಂಬಿದ್ದರೆ ಪಿನ್ ಕೂದಲೆಳೆಯಷ್ಟು ಹೊರಗೆ ನಿಲ್ಲುತ್ತದೆ. ಎಡ ಬಲ ಕಿವಿಗೆ ಹಾಡು ಕೇಳುತ್ತಿದ್ದರೂ ಬುಡದಲ್ಲಿರುವ ಮೈಕ್ ಸಂಪರ್ಕ ಸಿಕ್ಕಿರುವುದಿಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಗುಂಡುಸೂಜಿ ಬೇಡ. ಆಮೇಲೆ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ಮೈಕ್ರೊಫೋನ್ ತೆರೆದು, ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಮೈಕ್ ಬಳಸಲು ಅನುಮತಿ ಇದೆಯೇ ನೋಡಿ. ಜೂಮ್ ಆ ಗುಂಪಿಗೆ ಸೇರಿದ್ದು. ಕೀಲಿಮಣೆಯ ಮೇಲಿನ ಸಾಲಿನಲ್ಲಿ ಮೈಕ್ ಚಿತ್ರಕ್ಕೆ ಗೀಟು ಎಳೆದ ಕೀಲಿ ಇದ್ದು, ಅದರ ದೀಪ ಉರಿಯುತ್ತಿದ್ದರೆ ಒತ್ತಿ ಆರಿಸಿ. ಮೊದಲು ಸರಿಯಿದ್ದದ್ದು ವಿಂಡೋಸ್ ಅಪ್‌ಡೇಟ್ ಆದಮೇಲೆ ನಿಂತಿತು ಎಂದರೆ ಮಾತ್ರ ಡ್ರೈವರನ್ನು ದೂರಬೇಕು. ಆಗಲೂ ಪೂರ್ತಿ ವಿಂಡೋಸ್ ತೆಗೆಯುವುದು ಬೇಕಿಲ್ಲ. ಲ್ಯಾಪ್‌ಟಾಪ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾಡೆಲ್ ಸಂಖ್ಯೆ ಕೊಟ್ಟು ಆಡಿಯೊ ಡ್ರೈವರ್ ಇಳಿಸಿಕೊಂಡರೆ ಸಾಕು.

ಮೈಕ್ ಸಿಕ್ಕಿತು, ಆದರೆ ದನಿ ಸಣ್ಣಗಿದೆ ಎಂದಾದರೆ ಸೌಂಡ್ ಪುಟದ ಕೆಳಗಿರುವ ‘ಮೋರ್ ಸೌಂಡ್ ಸೆಟ್ಟಿಂಗ್ಸ್’ ಒತ್ತಿ, ರೆಕಾರ್ಡಿಂಗ್ ಪಟ್ಟಿಯಲ್ಲಿ ಮೈಕ್ ಆರಿಸಿ, ಪ್ರಾಪರ್ಟೀಸ್‌ನ ಲೆವೆಲ್ಸ್‌ಗೆ ಹೋಗಿ. ಮೈಕ್ ಬೂಸ್ಟ್ ಎಂಬುದು ಸಾಮಾನ್ಯವಾಗಿ 10 ಡೆಸಿಬೆಲ್ ಮೆಟ್ಟಿಲುಗಳಲ್ಲಿ 30ರ ತನಕ ಏರುತ್ತದೆ. ಹಾಡುವವರಿಗೆ 10 ಸಾಕು, ತೀರಾ ಆದರೆ 20. ಮೂವತ್ತಕ್ಕೆ ಏರಿಸಿದರೆ ತಾರ ಷಡ್ಜ ಮುಟ್ಟಿದಾಗ ದನಿ ಒಡೆಯುತ್ತದೆ, ಸುಮ್ಮನಿದ್ದಾಗ ಫ್ಯಾನಿನ ಸದ್ದು ತುಂಬಿಕೊಳ್ಳುತ್ತದೆ. ‘ಗುಂಯ್’ ಎಂಬ ಸದ್ದು ಬಿಡದೆ ಬರುತ್ತಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ಕೇಳಿ. ನಿಂತುಹೋದರೆ ದೋಷ ಮೈಕಿನದಲ್ಲ, ಕರೆಂಟಿನ ಕಡೆಯದು. ನಮ್ಮ ಎಷ್ಟೋ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿನ ಹಿಂದೆ ಅರ್ಥಿಂಗ್ ತಂತಿ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸುವುದು ಒಳ್ಳೆಯದು, ಮೈಕಿಗಿಂತ ನಿಮ್ಮ ಕ್ಷೇಮಕ್ಕೆ. ಅಲ್ಲಿಯತನಕ ಪಾಠದ ಹೊತ್ತಿಗೆ ಬ್ಯಾಟರಿಯ ಮೇಲೆ ನಡೆಸಿ.

ನಾನಾದರೆ ಏನು ಮಾಡುತ್ತಿದ್ದೆ ಎಂದು ಕೇಳಿದರೆ, ದಿನವೂ ಪಾಠ ಹೇಳುವವರಿಗೆ ಈ ಒಂದೇ ತೂತಿನ ಸಹವಾಸವೇ ಬೇಡ ಎನ್ನುತ್ತೇನೆ. ಹೆಬ್ಬೆರಳಿನಷ್ಟು ದೊಡ್ಡ ಯುಎಸ್‌ಬಿ ಸೌಂಡ್ ಕಾರ್ಡ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದರಲ್ಲಿ ಹಳೆಯ ಕಾಲದ ಹಾಗೆ ಎರಡು ತೂತು, ಒಂದು ಮೈಕಿಗೆ, ಒಂದು ಹೆಡ್‌ಫೋನಿಗೆ. ನಿಮ್ಮ ಎರಡು ಗೆರೆಯ ಮೈಕ್ ನೇರವಾಗಿ ಹೋಗುತ್ತದೆ, ಯಾವ ಪರೀಕ್ಷೆಯೂ ಇಲ್ಲ, ವಿಂಡೋಸ್ ಅದನ್ನು ಬೇರೆಯದೇ ಸಾಧನವಾಗಿ ತೋರಿಸುತ್ತದೆ, ಜೂಮ್‌ನಲ್ಲಿ ಒಮ್ಮೆ ಆರಿಸಿಟ್ಟರೆ ಸಾಕು. ಕೊಳ್ಳುವಾಗ ಎರಡು ತೂತು ಇದೆಯೇ ಎಂದು ನೋಡಿಯೇ ಕೊಳ್ಳಿ. ಒಂದೇ ತೂತಿನದಾದರೆ ಅದೂ ಹೆಡ್‌ಸೆಟ್ ತೂತೇ, ಮತ್ತೆ ಇದೇ ಕಥೆ. ಫೋನಿನ ಜೊತೆ ಬರುವ ಟೈಪ್-ಸಿ ಪುಟ್ಟ ಕನ್ವರ್ಟರುಗಳಲ್ಲಿ ಕೆಲವದರೊಳಗೆ ಚಿಪ್ಪೇ ಇರುವುದಿಲ್ಲ, ಅಂಥವು ಲ್ಯಾಪ್‌ಟಾಪಿನಲ್ಲಿ ನಡೆಯುವುದಿಲ್ಲ.

ಕೊನೆಗೆ ತಂಬೂರಿ. ಇದಕ್ಕೂ ಪಿನ್ನಿಗೂ ಸಂಬಂಧವಿಲ್ಲ, ಮೈಕ್ ಸರಿಹೋದರೂ ಇದು ಹಾಗೇ ಉಳಿಯುತ್ತದೆ. ಜೂಮ್‌ನ ಸದ್ದು ಅಡಗಿಸುವ ವ್ಯವಸ್ಥೆಗೆ ಮಾತು ಯಾವುದು, ಗದ್ದಲ ಯಾವುದು ಎಂದು ಬೇರ್ಪಡಿಸುವುದೇ ಕೆಲಸ. ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಸದ್ದು ಅದರ ಪಾಲಿಗೆ ಫ್ಯಾನು ಅಥವಾ ಮಿಕ್ಸಿ. ತಂಬೂರಿ ಇರುವುದೇ ಒಂದೇ ಸಮನೆ ಮೊರೆಯುವುದಕ್ಕೆ! ನೀವು ಪಂಚಮದಲ್ಲಿ ಉದ್ದಕ್ಕೆ ನಿಂತಾಗ ದನಿ ಕ್ಷೀಣಿಸಿ ಮತ್ತೆ ಮೇಲೆದ್ದಂತೆ ಶಿಷ್ಯರಿಗೆ ಕೇಳಿದರೆ ಅದಕ್ಕೂ ಇದೇ ಕಾರಣ. ಜೂಮ್‌ನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಸಂಗೀತಗಾರರಿಗೆಂದೇ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಎಂಬ ಆಯ್ಕೆ ಇದೆ, ಅದನ್ನು ಆರಿಸಿ. ಮೈಕ್ ಮಟ್ಟವನ್ನು ತಾನಾಗಿ ಹೊಂದಿಸುವ ಆಯ್ಕೆಯನ್ನು ತೆಗೆಯಿರಿ. ಪಾಠ ಶುರುವಾದ ಮೇಲೆ ಜೂಮ್ ಕಿಟಕಿಯ ಮೇಲ್ಭಾಗದಲ್ಲೂ ಒರಿಜಿನಲ್ ಸೌಂಡ್ ಆನ್ ಎಂದು ಇದೆಯೇ ನೋಡಿಕೊಳ್ಳಿ, ಸೆಟ್ಟಿಂಗ್ಸ್‌ನಲ್ಲಿ ಆರಿಸಿದ್ದರೂ ಅಲ್ಲಿ ಆಫ್ ಆಗಿರಬಹುದು. ವಿಂಡೋಸ್‌ನಲ್ಲೂ ಮೈಕಿನ ಪುಟದಲ್ಲಿ ‘ಆಡಿಯೊ ಎನ್‌ಹಾನ್ಸ್‌ಮೆಂಟ್ಸ್’ ಇದ್ದರೆ ಅದನ್ನು ಆಫ್ ಮಾಡಿ. ಪ್ರತಿಧ್ವನಿ ತಡೆಯುವ ಆಯ್ಕೆಯನ್ನು ಮಾತ್ರ ಹೆಡ್‌ಫೋನ್ ಹಾಕಿಕೊಂಡಿದ್ದಾಗಷ್ಟೇ ತೆಗೆಯಿರಿ. ಸ್ಪೀಕರ್ ಇಟ್ಟುಕೊಂಡು ತೆಗೆದರೆ ಶಿಷ್ಯ ಹಾಡಿದ್ದು ನಿಮ್ಮ ಮೈಕಿನ ಮೂಲಕ ಅವನಿಗೇ ವಾಪಸ್ ಕೇಳುತ್ತದೆ.

ಜೂಮ್ ಸದ್ದು ಅಡಗಿಸುವ ಈ ಕೆಲಸ ನಡೆಯುವುದು ದನಿ ಕಳಿಸುವವರ ಕಂಪ್ಯೂಟರಿನಲ್ಲಿ. ಆದ್ದರಿಂದ ಶಿಷ್ಯರು ಹಾಡುವಾಗ ಅವರ ಕಡೆಯೂ ಒರಿಜಿನಲ್ ಸೌಂಡ್ ಆನ್ ಇರಬೇಕು, ಇಲ್ಲದಿದ್ದರೆ ಅವರ ಶ್ರುತಿ ನಿಮಗೆ ಕೇಳುವುದಿಲ್ಲ. ಅವರು ನಿಮ್ಮ ತಂಬೂರಿಗೆ ಸೇರಿಸಿ ಹಾಡುವುದೂ ಬೇಡ. ಅಂತರ್ಜಾಲದಲ್ಲಿ ದನಿ ತಡವಾಗಿ ತಲುಪುತ್ತದೆ, ನಡುನಡುವೆ ತುಂಡಾಗುತ್ತದೆ. ಅವರ ಮನೆಯಲ್ಲಿ ಅವರದೇ ತಂಬೂರಿ ಆ್ಯಪ್ ನಿಮ್ಮ ಶ್ರುತಿಗೇ ಹೊಂದಿಸಿ, ಮೈಕಿನಿಂದ ತುಸು ದೂರದಲ್ಲಿಟ್ಟು ನಡೆಸಲಿ.